ಮದುವೆ ಪಟ್ಟಿಯಲ್ಲಿ ಈ ಮಾತ್ರೆ ಯಾಕಿಲ್ಲ?

ಮದುವೆ ಗೊತ್ತಾದ ಕೂಡ್ಲೆ ನಾವೆಲ್ಲ ಕಮರ್ಷಿಯಲ್ ಸ್ಟ್ರೀಟಿಗೆ ಓಡ್ತೀವಿ. ಸೀರೆ, ಫಾಲ್ಸು, ಮ್ಯಾಚಿಂಗ್ ಬಳೆ, ಒಂದೂ ಬಿಡಲ್ಲ. ಆ ಪಟ್ಟಿಗೆ ಫೋಲಿಕ್ ಆಸಿಡ್ ಮಾತ್ರೆ ಅಂತ ಒಂದು ಸಾಲು ಸೇರಿಸಿ ಅಂದ್ರೆ ಮಾತ್ರ ಮುಖ ಸಿಂಡರಿಸ್ತೀರಿ. "ಇನ್ನೂ ತಾಳಿನೇ ಬಿದ್ದಿಲ್ಲ, ಬಸುರಿ ಮಾತ್ರೆ ಈಗ್ಯಾಕೆ? ನೋಡಿದೋರು ಏನಂದ್ಕೊಂಡಾರು?"

ಬಸುರಿ ಮಾತ್ರೆ ಅನ್ನೋ ಹೆಸರಿಂದಲೇ ಎಡವಟ್ಟು ಶುರು. ಅದು ಬಸುರಾಗೋಕೆ ಮುಂಚೆಯಿಂದ ನುಂಗಬೇಕಾದ ಮಾತ್ರೆ ಕಣ್ರೀ. ಬೆರಳು ಮಡಚಿ ಎಣಿಸಿ ನೋಡಿ. ಮಗುವಿನ ಮೆದುಳು, ಬೆನ್ನುಹುರಿ ಆಗೋ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತೆ. ಅಂದ್ರೆ ಮುಟ್ಟು ತಪ್ಪಿ ಎರಡು ವಾರ ಆಗೋ ಹೊತ್ತಿಗೆ ಆ ಕೆಲಸ ಮುಗಿದಿರುತ್ತೆ. ನಮ್ಮ ಹುಡುಗೀರು ಅಷ್ಟು ಹೊತ್ತಿಗೆ ಏನ್ಮಾಡ್ತಿರ್ತಾರೆ? "ಈ ಸಲ ಸ್ವಲ್ಪ ತಡ" ಅಂತ ಕಾಯ್ತಿರ್ತಾರೆ. ಆಮೇಲೆ ಟೆಸ್ಟು, ಆಮೇಲೆ ಅತ್ತೆಗೆ ಹೇಳೋದು, ಮೂರು ತಿಂಗಳಾಗೋ ತನಕ ಯಾರಿಗೂ ಹೇಳಬೇಡ ಅನ್ನೋ ಶಾಸ್ತ್ರ. ಆಶಾ ಬಂದು ಹೆಸರು ಬರ್ಕೊಂಡು ತಾಯಿ ಕಾರ್ಡು ಕೈಗೆ ಬರೋದು ಅದಕ್ಕೂ ಆಚೆಗೆ.

ಆ ನಾಳ ಸರಿಯಾಗಿ ಮುಚ್ಚದೆ ಇದ್ರೆ ಕೆಲವು ಮಕ್ಕಳಿಗೆ ಬೆನ್ನಲ್ಲಿ ಗಂಟು, ಕಾಲಲ್ಲಿ ಬಲ ಇಲ್ಲ, ಮೂತ್ರದ ಹಿಡಿತ ಇಲ್ಲ. ಕೆಲವಕ್ಕೆ ತಲೆಬುರುಡೆಯೇ ಬೆಳೆದಿರಲ್ಲ, ಅವು ಉಳಿಯಲ್ಲ. ಆಗ ನಮ್ಮ ಬಾಯಲ್ಲಿ ಬರೋದೇನು? ಗ್ರಹಣದ ದಿನ ಹೊರಗೆ ಬಂದ್ಲು, ಈಳಿಗೆ ಮಣೆ ಮುಟ್ಟಿದ್ಲು. ಹೆತ್ತ ಸಂಕಟದ ಮೇಲೆ ಈ ಅಪವಾದ ಬೇರೆ. ಮಾತ್ರೆ ನುಂಗಿದ್ರೆ ಈ ತೊಂದರೆ ಎಲ್ಲಾ ಮಕ್ಕಳಿಗೂ ತಪ್ಪೇ ತಪ್ಪುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಮೊದಲೊಮ್ಮೆ ಇಂಥ ಮಗು ಆಗಿದ್ದ ತಾಯಂದಿರಿಗೆ ಈ ಮಾತ್ರೆ ಕೊಟ್ಟು ಏಳು ದೇಶಗಳಲ್ಲಿ ನೋಡಿದ್ರು. ಮತ್ತೆ ಹಾಗಾಗೋದು ನೂರಕ್ಕೆ 72 ಪಾಲು ಕಡಿಮೆ ಆಯ್ತು ಅಂತ 1991ರಲ್ಲೇ ಅಚ್ಚಾಗಿದೆ. ಗ್ರಹಣದ ಬಗ್ಗೆ ಅಂಥ ಲೆಕ್ಕ ಯಾರಾದ್ರೂ ಕೊಟ್ಟಿದ್ದಾರಾ?

"ನಾವೇನು ಮಾತ್ರೆ ನುಂಗಿ ಹೆತ್ವಾ, ಸೊಪ್ಪು ತಿಂದ್ರೆ ಸಾಕು" ಅನ್ನೋರಿಗೂ ಒಂದು ಮಾತು. ತಿನ್ನಿ, ರಸೆಲ್ ಮಾರ್ಕೆಟ್ಟಿಂದ ಕಟ್ಟುಗಟ್ಟಲೆ ತನ್ನಿ. ಆದ್ರೆ ಸೊಪ್ಪಲ್ಲಿರೋ ಫೋಲೇಟ್ ಬೇಯಿಸಿದ ನೀರಿಗೆ ಇಳಿದುಹೋಗುತ್ತೆ, ಬಿಸಿಗೆ ಒಂದಷ್ಟು ನಾಶವಾಗುತ್ತೆ. (ಬಸ್ಸಾರು ಮಾಡೋರು ಆ ನೀರನ್ನ ಚೆಲ್ಲಲ್ಲ, ನಮ್ಮ ಅಜ್ಜಿಯಂದಿರಿಗೆ ಅಷ್ಟು ಮಾರ್ಕು ಕೊಡೋಣ.) ರೇಷನ್ ಅಕ್ಕಿಲೇ ಸೇರಿಸಿರ್ತಾರಲ್ಲ ಅಂತೀರಾ? ಸಾರವರ್ಧಿತ ಅಕ್ಕಿಗೆ ಇಟ್ಟಿರೋ ಅಳತೆ ಕೆಜಿಗೆ 75ರಿಂದ 125 ಮೈಕ್ರೋಗ್ರಾಂ. ಬೇಕಾಗಿರೋದು ದಿನಕ್ಕೆ 400. ಮೂರು ಕೆಜಿಗೂ ಮೇಲೆ ಅನ್ನ ಉಣ್ಣೋ ಸೊಸೆ ಯಾರ ಮನೇಲಿದ್ದಾಳೆ?

ಇನ್ನೊಂದು ನಾಚಿಕೆ ಮಾತು. ಮದುವೆಯಾದ ಹೊಸದರಲ್ಲಿ ಹುಡುಗಿ ಮಾತ್ರೆ ನುಂಗಿದ್ರೆ "ಏನಾದ್ರೂ ದೋಷ ಇದೆಯಾ" ಅಂತ ಪಕ್ಕದ ಮನೆಯೋರು ಕಣ್ಣು ಹಾಯಿಸ್ತಾರೆ. ಹಲಸೂರಿನ ಗಲ್ಲಿ ಮನೆಗಳಲ್ಲಿ ಕಸದ ಬುಟ್ಟಿಲಿ ಮಾತ್ರೆ ಚೀಟಿ ಕಂಡರೂ ಸುದ್ದಿ. ಆ ಪಕ್ಕದ ಮನೆಯೋರು ನಾವೇ ಅಲ್ವಾ? ನಾವು ಬಾಯಿ ಮುಚ್ಕೊಂಡ್ರೆ ಅರ್ಧ ಕೆಲಸ ಆಯ್ತು.

ಮಗು ಬೇಕು ಅಂದ್ಕೊಂಡೋರು, ಬೇಡ ಅಂತ ಗಟ್ಟಿಯಾಗಿ ತಡೆ ಹಾಕ್ಕೊಳ್ಳದೇ ಇರೋರು, ಕನಿಷ್ಠ ಒಂದು ತಿಂಗಳು ಮುಂಚೆ ಶುರುಮಾಡಿ ಮೂರನೇ ತಿಂಗಳು ಮುಗಿಯೋವರೆಗೆ ದಿನಾ ನುಂಗಲಿ. ನಾಲ್ಕನೇ ತಿಂಗಳಿಂದ ಸರ್ಕಾರಿ ಆಸ್ಪತ್ರೇಲಿ ಕಬ್ಬಿಣದ ಜೊತೆ ಸೇರಿಸಿರೋ ಕೆಂಪು ಮಾತ್ರೆ ಕೊಡ್ತಾರೆ, ಅದನ್ನ ಬಿಡೋ ಹಾಗಿಲ್ಲ. ಮೊದಲ ಮಗುವಿಗೆ ಈ ತೊಂದರೆ ಆಗಿದ್ರೆ, ಸಕ್ಕರೆ ಕಾಯಿಲೆ ಇದ್ರೆ, ಫಿಟ್ಸ್ ಮಾತ್ರೆ ತಗೋತಿದ್ರೆ ಪ್ರಮಾಣ ಬೇರೆ, ಡಾಕ್ಟರನ್ನೇ ಕೇಳಬೇಕು. ಮಿಕ್ಕೋರಿಗೆ ಇದರ ಖರ್ಚು ಸೀಮಂತದ ಒಂದು ಡಬ್ಬ ಮೈಸೂರು ಪಾಕಿನಷ್ಟೂ ಆಗಲ್ಲ.