ಕೆಂಡ ಮೊದಲು, ಡಬ್ಬ ಆಮೇಲೆ

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ತಿಂಗಳಿಗೊಬ್ಬರಾದರೂ ಕೇಳುತ್ತಾರೆ: "ಬಾರ್ಬೆಕ್ಯೂಗೆ ಯಾವುದು ತಗೊಳ್ಳೋದು ಗುರೂ, ಗ್ರಿಲ್ಲಾ ಸ್ಮೋಕರ್ರಾ?" ಕೂಡಲೇ ಲಿಂಕುಗಳ ಮಳೆ. ಒಬ್ಬ ನಾಲ್ಕು ಬರ್ನರಿನ ಗ್ಯಾಸ್ ಗ್ರಿಲ್ ಕಳಿಸ್ತಾನೆ. ಇನ್ನೊಬ್ಬ ಫೋನಿಂದಲೇ ಉರಿ ಏರಿಸಿ ಇಳಿಸುವ ಪೆಲೆಟ್ ಸ್ಮೋಕರ್ ಕಳಿಸ್ತಾನೆ. ಮತ್ತೊಬ್ಬಳು ಇಎಂಐ ಲೆಕ್ಕವನ್ನೂ ಹಾಕಿಕೊಡ್ತಾಳೆ. "ಅದರ ಮೇಲೆ ಏನು ಬೇಯಿಸ್ತೀಯಪ್ಪಾ?" ಅಂತ ಮಾತ್ರ ಒಬ್ಬರೂ ಕೇಳಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ಸ್ಮೋಕರ್ ಯಾಕೆ ಬೇಕಾಯಿತು ನೋಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಬ್ರಿಸ್ಕೆಟ್ ಅಂತ ದನದ ಎದೆಭಾಗದ ಮಾಂಸ ಬೇಯಿಸ್ತಾರೆ. ದಿನವಿಡೀ ಮೈಭಾರ ಹೊರುವ ಸ್ನಾಯು ಅದು, ಕೊಲಾಜೆನ್ ತುಂಬಿ ಚಪ್ಪಲಿಯಷ್ಟು ಗಟ್ಟಿ. 110ರಿಂದ 130 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟರೆ ಆ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತೆ. ಒಳಗಿನ ಬಿಸಿ 95ರ ಆಸುಪಾಸಿಗೆ ಬರುವ ಹೊತ್ತಿಗೆ ಮಾಂಸ ಬೆರಳಲ್ಲೇ ಬಿಡಿಸಿಕೊಳ್ಳುತ್ತೆ. ಅಷ್ಟು ಹೊತ್ತು ಬಿಸಿಯನ್ನು ಏರದಂತೆ, ಇಳಿಯದಂತೆ ಹಿಡಿದಿಡುವುದೇ ಸ್ಮೋಕರ್‌ನ ಕೆಲಸ.

ಈಗ ನಮ್ಮ ಟೆರೇಸ್ ಪಾರ್ಟಿಯ ಮೆನು ಹೇಳಿ. ಚಿಕನ್ ಟಿಕ್ಕಾ, ಪನೀರ್, ಸಿಗಡಿ, ಅನಾನಸ್, ಮುಸುಕಿನ ಜೋಳ. ಇವಕ್ಕೆಲ್ಲ ಬೇಕಾದ್ದು ಜೋರು ಕೆಂಡ, ಕೆಲವೇ ನಿಮಿಷ. ಶಿವಾಜಿನಗರದಲ್ಲಿ ಸೀಕ್ ಕಬಾಬ್ ಸುಡುವವರ ಹತ್ತಿರ ಏನಿದೆ? ಉದ್ದನೆಯ ಕಬ್ಬಿಣದ ತೊಟ್ಟಿ, ಇದ್ದಿಲು, ಒಂದು ಬೀಸಣಿಗೆ. ಮುಚ್ಚಳವೂ ಇಲ್ಲ. ಎಲ್ಲಿ ಕೆಂಡ ಕೆದಕಬೇಕು, ಯಾವಾಗ ಬೀಸಬೇಕು ಅಂತ ಅವರ ಕೈಗೆ ಗೊತ್ತು. ಆ ಕೈ ಯಾವ ಕಾರ್ಟ್‌ನಲ್ಲೂ ಸಿಗಲ್ಲ.

ಏನೂ ಕೊಳ್ಳಬೇಡಿ ಅಂತಿಲ್ಲ. ಒಂದು ಕೊಳ್ಳುವುದಾದರೆ ಗುಂಡಗಿನ, ಮುಚ್ಚಳ ಇರುವ ಕೆಟಲ್ ಗ್ರಿಲ್ ಕೊಳ್ಳಿ. 1952ರಲ್ಲಿ ಷಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್, ನೀರಲ್ಲಿ ತೇಲಿಬಿಡುವ ಲೋಹದ ಗುಂಡಿನ ಎರಡು ಹೋಳುಗಳಿಂದ ಇದನ್ನು ಮಾಡಿದ. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ, ಮೇಲಿನ ಕಿಂಡಿಯಿಂದ ಹೊಗೆ ಹೊರಗೆ. ಕಿಂಡಿ ತೆರೆದರೆ ಉರಿ ಜೋರು, ಮುಚ್ಚಿದರೆ ಮಂದ. ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು ಮುಚ್ಚಳ ಹಾಕಿದರೆ ಅದೇ ನಿಮ್ಮ ಸ್ಮೋಕರ್. ಹಂದಿಯ ಭುಜದ ತುಂಡನ್ನು ಅದರಲ್ಲೇ ಆರಾಮಾಗಿ ಇಡೀ ದಿನ ಬೇಯಿಸಬಹುದು.

ಅಂಗಡಿಯಲ್ಲಿ ಬಣ್ಣ ನೋಡಬೇಡಿ. ಮುಚ್ಚಳ ಹಾಕಿ ಸಂದಿಯಿದೆಯಾ ನೋಡಿ. ಕಿಂಡಿಗಳನ್ನು ತಿರುಗಿಸಿ ನೋಡಿ. ತಗಡನ್ನು ಹೆಬ್ಬೆರಳಲ್ಲಿ ಒತ್ತಿ, ಬಾಗಿದರೆ ವಾಪಸ್ ಇಡಿ. ಸೂಟ್‌ಕೇಸಿನಂತೆ ಮಡಚುವ ಅಗ್ಗದ ಗ್ರಿಲ್‌ಗಳಲ್ಲಿ ಗಾಳಿಯೂ ನಿಮ್ಮ ಹಿಡಿತದಲ್ಲಿರಲ್ಲ, ಕೆಂಡಕ್ಕೂ ಕೋಳಿಗೂ ನಡುವೆ ದೂರವೂ ಇರಲ್ಲ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದು, ಹೊರಗೆ ಕರಿ, ಒಳಗೆ ಹಸಿ.

ಇನ್ನು ಪರಿಕರಗಳು. ಹದಿನೆಂಟು ಸಾಮಾನಿನ ಗಿಫ್ಟ್ ಸೆಟ್ ಅನ್ನೋದು ಶುದ್ಧ ಲೂಟಿ. ಮೂರು ಸಾಕು. ಇದ್ದಿಲು ಹೊತ್ತಿಸೋಕೆ ಚಿಮಣಿ ಸ್ಟಾರ್ಟರ್: ಕೆಳಗೆ ನಾಲ್ಕು ಹಾಳೆ ಪೇಪರ್ ಹಚ್ಚಿದರೆ ಆಯ್ತು, ಸೀಮೆಎಣ್ಣೆ ವಾಸನೆ ಊಟಕ್ಕೆ ಬರಲ್ಲ. ಉದ್ದ ಹಿಡಿಯ ಇಕ್ಕಳ. ಮತ್ತೆ ಮಾಂಸದೊಳಗೆ ಚುಚ್ಚಿ ನೋಡುವ ಥರ್ಮಾಮೀಟರ್. ಮುಚ್ಚಳದ ಮೇಲಿನ ಮುಳ್ಳು ತೋರಿಸುವುದು ಮುಚ್ಚಳದ ಹತ್ತಿರದ ಗಾಳಿಯ ಬಿಸಿ. ನಿಮಗೆ ಬೇಕಾದ್ದು ಕೋಳಿಯ ಒಳಗಿನ 74 ಡಿಗ್ರಿ. ತಂತಿ ಬ್ರಷ್ಷಂತೂ ಬೇಡವೇ ಬೇಡ. ಅದರ ಎಳೆ ಮುರಿದು ಜಾಲರಿಗೆ ಅಂಟಿಕೊಂಡು ಗಂಟಲಿಗೆ ಇಳಿಯಬಹುದು. ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಬಿಸಿ ಜಾಲರಿಯನ್ನು ಉಜ್ಜಿ, ಸಾಕು.

ಉಳಿದ ದುಡ್ಡನ್ನು ಇದ್ದಿಲಿಗೆ ಹಾಕಿ. ಒಳ್ಳೇ ಕಟ್ಟಿಗೆಯ ಇದ್ದಿಲು, ಇಲ್ಲವೇ ಕರಟದ ಇದ್ದಿಲು. ಹೊಗೆಯ ಘಮ ಬೇಕಾದರೆ ಮಾವಿನದೋ ಸೀಬೆಯದೋ ಒಣಗಿದ ಚಕ್ಕೆ ಎರಡು ಮೂರು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಬೇಡ. ಅದರ ಹೊಗೆಯನ್ನೇ ನೀವು ಉಣ್ಣೋದು.

"ಹವ್ಯಾಸಕ್ಕೆ ನಮ್ಮ ದುಡ್ಡು ಖರ್ಚು ಮಾಡಿದ್ರೆ ನಿಂಗೇನು ಕಷ್ಟ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ವಾರ ವಾರ ಬೆಂಕಿ ಮುಂದೆ ಕೂರುವವರು ಲಕ್ಷದ ಸ್ಮೋಕರ್ ತರಲಿ, ನಾನೇ ತಟ್ಟೆ ಹಿಡಿದು ಬರ್ತೀನಿ. ಆದರೆ ನಮ್ಮ ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಟಾರ್ಪಾಲಿನ್ ಹೊದ್ದು ಮೂರು ಗ್ರಿಲ್ ನಿಂತಿವೆ, ಎರಡು ಮಳೆಗಾಲಕ್ಕೇ ಕಾಲು ತುಕ್ಕು. ಟ್ರೆಡ್‌ಮಿಲ್ ಮೇಲೆ ಟವೆಲ್ ಒಣಗುವ ಊರಲ್ಲಿ ಇದೇನು ಆಶ್ಚರ್ಯ ಅಲ್ಲ ಬಿಡಿ. ಯಂತ್ರವೇ ಉರಿ ನೋಡಿಕೊಂಡರೆ ನಮಗೆ ಅಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಹವ್ಯಾಸ ಎಷ್ಟು ದಿನ ಬಾಳುತ್ತೆ?

ಬೇಸರ ಇನ್ನೊಂದಿದೆ. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದವರು, ಕೊಡಗಿನಲ್ಲಿ ಒಲೆ ಮೇಲೆ ಹಂದಿಮಾಂಸವನ್ನು ಹೊಗೆಗೆ ಒಣಗಿಸಿಟ್ಟವರು ನಮ್ಮದೇ ಹಿಂದಿನ ತಲೆಮಾರಿನವರು. ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೇ ಅಡುಗೆ ಇಡಬೇಕು ಅನ್ನೋದು ಅವರಿಗೆ ಯಾರೂ ಮ್ಯಾನ್ಯುಯಲ್ ಕೊಟ್ಟು ಕಲಿಸಿದ್ದಲ್ಲ. ಆ ತಿಳಿವಳಿಕೆ ಫೋನ್ ಮಾಡಿದರೆ ಪುಕ್ಕಟೆ ಸಿಗುವಾಗ, ನಾವು ಆ್ಯಪ್ ಕೊಳ್ತಿದ್ದೀವಿ.

ಕೊನೆಗೊಂದು, ಇದರಲ್ಲಿ ತಮಾಷೆಯಿಲ್ಲ. ಗಾಜು ಮುಚ್ಚಿದ ಬಾಲ್ಕನಿಯಲ್ಲಿ, ಮನೆಯೊಳಗೆ, ಟೆಂಟಿನೊಳಗೆ ಇದ್ದಿಲು ಹಚ್ಚಬೇಡಿ. ಪಾರ್ಟಿ ಮುಗಿದ ಮೇಲೆ ಚಳಿ ಅಂತ ಕೆಂಡವನ್ನು ಒಳಗೆ ತರಲೂ ಬೇಡಿ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ತೆರೆದ ಜಾಗ ಇಲ್ಲದವರಿಗೆ ಯಾವ ಮಾಡೆಲ್ ಒಳ್ಳೇದು ಅಂದರೆ ನನ್ನ ಉತ್ತರ ಒಂದೇ: ಯಾವುದೂ ಅಲ್ಲ. ಟೆರೇಸಿರೋ ಗೆಳೆಯನನ್ನು ಹುಡುಕಿ, ಇದ್ದಿಲಿನ ಚೀಲ ನೀವು ಹೊತ್ತುಕೊಂಡು ಹೋಗಿ.