ಟ್ಯೂಷನ್ ಬೇಕಾದದ್ದು ನಾಯಿಗೋ, ಯಜಮಾನನಿಗೋ?

ಕಳೆದ ಅಡಕೆ ಕೊಯ್ಲಿನ ಸಮಯ. ಪೆರ್ಲದ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಅಂಗಳಕ್ಕೆ ಕಾಲಿಡುವ ಮೊದಲೇ ಸುದ್ದಿ ಸಿಕ್ಕಿತು. ಅವರ ನಾಯಿ ಕಾಳ, ಅಡಕೆ ಕೊಯ್ಯಲು ಬಂದವನ ಮೀನಖಂಡಕ್ಕೆ ಬಾಯಿ ಹಾಕಿದೆ! ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ಚುಚ್ಚುಮದ್ದಿಗೆ ಕರಕೊಂಡು ಹೋಗಿದ್ದರು. ಅಷ್ಟು ಬುದ್ಧಿ ಇತ್ತು, ಪುಣ್ಯ.

ಭಾವನ ತೀರ್ಪು ಆಗಲೇ ತಯಾರು. "ಜೀಪಿಗೆ ಹಾಕಿ ಸಾರಡ್ಕದಿಂದಾಚೆ ಬಿಟ್ಟು ಬರುವುದು." ಅಂದರೆ ಕರ್ನಾಟಕಕ್ಕೆ! ಕರ್ನಾಟಕದವರು ನಮ್ಮನ್ನು ಮರೆತರು ಎಂದು ಸಭೆ ಸಭೆಯಲ್ಲಿ ಗೋಳಾಡುವ ನಾವು ಅವರಿಗೆ ಕಳಿಸುವ ಉಡುಗೊರೆ ನೋಡಿ...

ಹಾಗೆಂದು ಕಾಳ ಅವಿದ್ಯಾವಂತನೇನಲ್ಲ. ಅಲ್ಸೇಶಿಯನ್ ಬೆರಕೆ ಎಂಬ ಹೆಮ್ಮೆಯಿಂದ ಭಾವ ಅವನನ್ನು ದೂರದ ಪೇಟೆಯ ಒಬ್ಬ ಟ್ರೈನರನಲ್ಲಿ ಒಂದು ತಿಂಗಳು ಬಿಟ್ಟಿದ್ದರು. ಆ ಮಹಾಶಯ ಮನೆ ನೋಡಲಿಲ್ಲ, ಮನೆಯವರನ್ನು ಒಂದು ಪ್ರಶ್ನೆ ಕೇಳಲಿಲ್ಲ. ತಿಂಗಳ ಕೊನೆಗೆ ನಾಯಿ ಅವನ ಮುಂದೆ "ಸಿಟ್" ಅಂದರೆ ಕೂತಿತು, ಭಾವ ದುಡ್ಡು ಎಣಿಸಿದರು. ಮನೆಗೆ ಬಂದ ಮೇಲೆ ಯಾರು ಸಿಟ್ ಅಂದರೂ ಕೂರಲಿಲ್ಲ. ಫೋನು ಮಾಡಿದರೆ, "ಹೆದರಿಸಿ ಇಟ್ಟುಕೊಳ್ಳಿ" ಎಂಬ ಉತ್ತರ. ನನ್ನ ಶಾಲೆಯ ಮಗುವನ್ನು ತಿಂಗಳು ಬೇರೆಲ್ಲೋ ಇಟ್ಟು, ಮಗ್ಗಿ ಹೇಳಿಸಿ ಕಳಿಸಿದರೆ ನಾನು ಫೀಸು ಕೊಡುತ್ತೇನೆಯೇ? (ಕನ್ನಡ, ತುಳು ಮಾತಾಡುವ ಮನೆಯ ನಾಯಿಗೆ ಇಂಗ್ಲಿಷೇ ಏಕೆ ಬೇಕು ಎಂಬುದು ನನ್ನ ಹಳೆಯ ಜಗಳ, ಇವತ್ತಿಗೆ ಬಿಡುತ್ತೇನೆ.)

ಟಿಸಿಎಚ್ ಓದುವಾಗ ನಮಗೆಲ್ಲ ಪಾವ್ಲೋವನ ನಾಯಿಯ ಕತೆ ಬಾಯಿಪಾಠ. ಗಂಟೆ ಸದ್ದು, ಆಮೇಲೆ ಆಹಾರ, ಕೊನೆಗೆ ಬರೀ ಗಂಟೆಗೇ ಜೊಲ್ಲು! ಥಾರ್ನ್‌ಡೈಕನ ಬೆಕ್ಕೂ ಇತ್ತು: ಫಲ ಹಿತವಾದರೆ ಆ ವರ್ತನೆ ಉಳಿಯುತ್ತದೆ. ನಾಯಿ ಬೆಕ್ಕುಗಳಿಂದ ಕಲಿತದ್ದನ್ನು ಮಕ್ಕಳ ಮೇಲೆ ಪ್ರಯೋಗಿಸಿ ಅಂಕ ಪಡೆದೆವು. ನಾಯಿಯ ಸರದಿ ಬಂದಾಗ ಮಾತ್ರ ಕೈಗೆ ಬರುವುದು ಬೆತ್ತ. ತರಗತಿಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಅಮೇರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ: ವರ್ತನೆಯ ತೊಂದರೆ ಸೇರಿ ಎಲ್ಲ ತರಬೇತಿಗೂ ಬಹುಮಾನದ ದಾರಿಯೇ ಸರಿ, ನೋವು ಕೊಡುವ ದಾರಿ ಬೇಡ.

ನಾನು ನಾಯಿ ತಜ್ಞನಲ್ಲ ಸ್ವಾಮೀ. ಆದರೆ ತರಗತಿಯಲ್ಲಿ ಒಬ್ಬ ಹುಡುಗ ಮತ್ತೊಬ್ಬನಿಗೆ ಹೊಡೆದರೆ ನಾನು ಮೊದಲು ಕೇಳುವುದು ಎಲ್ಲಿ, ಯಾವಾಗ, ಅದಕ್ಕೆ ಮುಂಚೆ ಏನಾಯಿತು ಎಂದು. ಅದನ್ನೇ ಇಲ್ಲೂ ಕೇಳಿದೆ. ಕಾಳನ ಸರಪಳಿ ಎರಡು ಮಾರು ಸಹ ಇಲ್ಲ. ಕಟ್ಟಿದ್ದು ಅಂಗಳದಿಂದ ತೋಟಕ್ಕೆ ಹೋಗುವ ದಾರಿಯ ಬದಿಯಲ್ಲಿ, ಬಿಡುವುದು ರಾತ್ರಿ ಮಾತ್ರ. ಬೊಗಳಿದರೆ ಭಾವ ಕೋಲು ಎತ್ತುತ್ತಾರೆ. ಅವತ್ತು ಆ ಮನುಷ್ಯ ಹೆಗಲ ಮೇಲೆ ದೋಟಿ ಹೊತ್ತು ಅದೇ ದಾರಿಯಲ್ಲಿ ಬಂದ. ಕೋಲು ಎಂದರೆ ಪೆಟ್ಟು ಎಂದು ಕಲಿಸಿದ್ದು ಯಾರು? ಪಾವ್ಲೋವನೇ?

ಇನ್ನೊಂದು ಸಂಗತಿ. ಎಡ ಕಿವಿಯ ಬಳಿ ಕೈ ಹೋದರೆ ಸಾಕು, ಕಾಳ ಗುರ್ ಎನ್ನುತ್ತಿದ್ದ. ಮೃಗಾಸ್ಪತ್ರೆಗೆ ಒಯ್ದರೆ ಕಿವಿಯೊಳಗೆ ಸೋಂಕು! ನೋವಿರುವ ನಾಯಿಗೆ ಎಷ್ಟು ಸಿಟ್, ಎಷ್ಟು ಸ್ಟೇ ಹೇಳಿ ಏನು ಪ್ರಯೋಜನ? ಮೊಬೈಲಿನಲ್ಲಿ ಸಾವಿರ ವಿಡಿಯೋ ಸಿಗುತ್ತದೆ. ಯಾವ ವಿಡಿಯೋವೂ ಕಾಳನ ಎಡ ಕಿವಿ ನೋಡುವುದಿಲ್ಲ, ಆ ದಾರಿ ನೋಡುವುದಿಲ್ಲ, ಭಾವನ ಕೋಲು ನೋಡುವುದಿಲ್ಲ.

ಡಾಕ್ಟರು ಒಳ್ಳೆಯವರು, ಕನ್ನಡ ಬಲ್ಲವರು, ಅರ್ಧ ಗಂಟೆ ಕೂತು ಮಾತಾಡಿದರು. ಗುರ್ ಎಂದಾಗ ಹೊಡೆಯಬೇಡಿ ಎಂದರು. ಅದು ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಕಚ್ಚುವುದು ನಿಲ್ಲುವುದಿಲ್ಲ. ಕಟ್ಟುವ ಜಾಗವನ್ನು ಮನೆಯ ಹಿಂದೆ ಮಾಡಿ, ಬೆಳಿಗ್ಗೆ ಸಂಜೆ ನಡೆಸಿ, ದೋಟಿಯನ್ನು ದೂರದಲ್ಲಿ ನೆಲದ ಮೇಲಿಟ್ಟು, ನಾಯಿ ಸುಮ್ಮನೆ ನೋಡಿದಾಗಲೆಲ್ಲ ಒಂದು ಚೂರು ದೋಸೆ ಕೊಡಿ ಎಂದರು. ದಿನಕ್ಕೆ ಒಂದೆರಡು ಹೆಜ್ಜೆ ಹತ್ತಿರ, ಹೆದರಿದರೆ ವಾಪಸು ದೂರ.

"ಮನುಷ್ಯರಿಗೇ ದಿಕ್ಕಿಲ್ಲ ಮಾಷ್ಟ್ರೇ, ನಾಯಿಗೆ ಇಷ್ಟೆಲ್ಲಾ ಉಪಚಾರವೇ?" ಎಂದು ಕೇಳುವವರಿದ್ದಾರೆ. ಕಚ್ಚಿಸಿಕೊಂಡವನು ಮನುಷ್ಯನೇ ಅಲ್ಲವೇ? ದಿನಗೂಲಿ ಬಿಟ್ಟು ಚುಚ್ಚುಮದ್ದಿಗೆ ಮತ್ತೆ ಮತ್ತೆ ಓಡಾಡಿದವನು ಅವನು. ಗಡಿಯಾಚೆ ಬಿಟ್ಟಿದ್ದರೆ ಕಾಳ ಅಲ್ಲಿ ಇನ್ನೊಬ್ಬನನ್ನು ಕಚ್ಚುತ್ತಿದ್ದ, ಅಷ್ಟೇ. ಕಾನೂನು ಕೂಡ ಸುಮ್ಮನಿಲ್ಲ. ಸದಾ ಕಟ್ಟಿಟ್ಟ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೇ ಹಿಂಸೆ. ನಮ್ಮ ಪಂಚಾಯತುಗಳು ಹುಚ್ಚುನಾಯಿ ರೋಗದ ಲಸಿಕೆ ಶಿಬಿರ ಮಾಡುವ ದಿನವೇ, ಇಂಥ ಒಬ್ಬ ಡಾಕ್ಟರನ್ನು ಕೂರಿಸಿ ನಾಯಿ ಸಾಕಿದವರ ತೊಂದರೆ ಒಂದೊಂದಾಗಿ ಕೇಳಿದರೆ ಏನು ಗಂಟು ಹೋಗುತ್ತದೆ? ಅದೂ ಅವರವರ ಭಾಷೆಯಲ್ಲಿ.

ಕಾಳ ಪೂರ್ತಿ ಸರಿಯಾದ ಎಂದು ಹೇಳಲಾರೆ. ಕೆಲಸದವರು ಬರುವ ದಿನ ಅವನನ್ನು ಈಗಲೂ ಹಿಂದಿನ ಕೋಣೆಯಲ್ಲಿ ಹಾಕುತ್ತಾರೆ. ಆದರೆ ಅಕ್ಕ "ಕೂತ್ಕೊ" ಎಂದರೆ ಕೂರುತ್ತಾನೆ. ಭಾವ ಮಾತ್ರ ಇನ್ನೂ "ಸಿಟ್, ಸಿಟ್" ಎನ್ನುತ್ತಲೇ ಇದ್ದಾರೆ. ಕೋಲು ಅಟ್ಟಕ್ಕೆ ಹೋಗಿದೆಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು.