ಮನೆ ಮಾರುವ ಮುನ್ನ

ಮನೆ ಮಾರಬೇಕೆಂದ ಕೂಡಲೇ ಸಾವಿರಾರು ರೂಪಾಯಿ ಸುರಿದು ಹೊಸ ಟೈಲ್ಸ್ ಹಾಕಿಸಬೇಕಿಲ್ಲ. ಕೊಂಡವರು ಅದನ್ನು ಕಿತ್ತು ತಮಗೊಪ್ಪುವುದನ್ನು ಹಾಕಿಸಿಕೊಂಡಾರು.

ಮೊದಲು ಅಟ್ಟ ಖಾಲಿ ಮಾಡಿ. ಹಳೆಯ ಪತ್ರಿಕೆ, ಮುರಿದ ಕುರ್ಚಿಗಳು ಗುಜರಿಗೆ ಹೋದರೆ ಕೋಣೆ ದೊಡ್ಡದಾಗಿ ಕಾಣುತ್ತದೆ; ಕೈಗೆ ನಾಲ್ಕು ಕಾಸೂ ಬರುತ್ತದೆ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್, ಕಿರುಗುಟ್ಟುವ ಬಾಗಿಲಿನ ಕೀಲಿಗೆ ಎರಡು ತೊಟ್ಟು ಎಣ್ಣೆ ಸಾಕು. ಸುಣ್ಣದ ಗೋಡೆಗೆ ಮತ್ತೆ ಸುಣ್ಣವನ್ನೇ, ತುಸು ನೀಲಿ ಬೆರೆಸಿ ಬಳಿಸಿ. ಕೆಂಪು ಗಾರೆ ನೆಲವನ್ನು ತೊಳೆದು, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯಿಂದ ತೆಳುವಾಗಿ ಉಜ್ಜಿದರೆ ಹೊಳಪು ಮರಳುತ್ತದೆ. ಕಾಲು ಜಾರದಂತೆ ಒಣಬಟ್ಟೆಯಿಂದ ಒರೆಸಲು ಮರೆಯಬೇಡಿ.

ಗೋಡೆಯ ತೇವವನ್ನು ಮಾತ್ರ ಬಣ್ಣ ಬಳಿದು ಮುಚ್ಚಬೇಡಿ. ನೀರು ಒಸರುವ ಮೂಲ ಸರಿಹೋಗದಿದ್ದರೆ ಬಣ್ಣ ಉಬ್ಬಿ ಉದುರುತ್ತದೆ. ಕೊಳ್ಳುವವರು ಜೀವಮಾನದ ಉಳಿತಾಯ ತಂದಿರುತ್ತಾರೆ. ಸರಿಪಡಿಸಲು ನಿಮಗೆ ಆಗದಿದ್ದರೆ ಸೋರುವ ಜಾಗ ತೋರಿಸಿ, ಬೆಲೆಯಲ್ಲಿ ಅಷ್ಟು ಬಿಡಿ.

ಕೊನೆಯದಾಗಿ ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ಈ ಸಾಲಿನ ಕಂದಾಯದ ರಸೀದಿ ಒಂದೇ ಫೈಲಿನಲ್ಲಿರಲಿ. ಬೆಂಗಳೂರಿನಲ್ಲಿ 2024ರಿಂದ ನೋಂದಣಿಗೆ ಇ-ಖಾತೆ ಕಡ್ಡಾಯ. ಹೊಳೆಯುವ ನೆಲಕ್ಕಿಂತ ಚೊಕ್ಕವಾದ ಕಾಗದಪತ್ರಗಳೇ ವ್ಯಾಪಾರವನ್ನು ಬೇಗ ಕುದುರಿಸುತ್ತವೆ.